ಬಯಲಲ್ಲಿ ನಗ್ನ ಛಾಯಾಗ್ರಹಣ: ಒಪ್ಪಿಗೆ ಪತ್ರ ಎಲ್ಲಿಯವರೆಗೆ ಕಾಪಾಡುತ್ತದೆ?

ಪ್ರಶ್ನೆ: ನಾನು ಬೆಂಗಳೂರಿನ ಜಯನಗರದಲ್ಲಿರುವ ಹವ್ಯಾಸಿ ಛಾಯಾಗ್ರಾಹಕ. ಬಂಡೆ, ಮರ, ಮನುಷ್ಯನ ಮೈ ಇವನ್ನೇ ಇಟ್ಟುಕೊಂಡು ಕಪ್ಪು-ಬಿಳುಪಿನಲ್ಲಿ ಒಂದು ಚಿತ್ರಸರಣಿ ಮಾಡುವ ಯೋಚನೆಯಿದೆ. 24 ವರ್ಷದ ಪರಿಚಿತ ಕಲಾವಿದೆಯೊಬ್ಬರು ನಗ್ನವಾಗಿ ಮಾಡೆಲ್ ಆಗಲು ಒಪ್ಪಿದ್ದಾರೆ, ಬರೆದುಕೊಡಲೂ ತಯಾರಿದ್ದಾರೆ. ಬೆಳಗಿನ ಜಾವ ಕಬ್ಬನ್ ಪಾರ್ಕಿನಲ್ಲೋ ರಾಮನಗರದ ಬಂಡೆಗಳ ಮೇಲೋ ಯಾರೂ ಇಲ್ಲದ ಹೊತ್ತು ನೋಡಿ ತೆಗೆದರೆ ಕಾನೂನಿನ ತೊಂದರೆ ಇದೆಯೇ? ಆಮೇಲೆ ಇನ್‌ಸ್ಟಾಗ್ರಾಮಿಗೆ ಹಾಕಬಹುದೇ, ಪ್ರದರ್ಶನ ಇಡಬಹುದೇ?

ಉತ್ತರ: ಕಬ್ಬನ್ ಪಾರ್ಕು ಬೇಡ. ರಾಮನಗರದ ಬಂಡೆಯೂ ಬೇಡ. ವಯಸ್ಕರೊಬ್ಬರು ಒಪ್ಪಿ ನಿಂತಾಗ ಅವರ ನಗ್ನ ಚಿತ್ರ ತೆಗೆಯುವುದೇ ಅಪರಾಧ ಎಂದು ಹೇಳುವ ಕಲಂ ನಮ್ಮಲ್ಲಿಲ್ಲ. ನಿಮಗೆ ತೊಡಕಾಗುವುದು ನೀವು ಆರಿಸಿಕೊಂಡ ಜಾಗ. ಮಾಡೆಲ್ ಕೊಡುವ ಒಪ್ಪಿಗೆ ನಿಮ್ಮಿಬ್ಬರ ನಡುವಿನ ವಿಷಯವನ್ನಷ್ಟೇ ಇತ್ಯರ್ಥ ಮಾಡುತ್ತದೆ. ಪಾರ್ಕಿಗೆ ವಾಕಿಂಗ್ ಬರುವವರ ಪರವಾಗಿ ಸಹಿ ಹಾಕಲು ಅವರಿಗೂ ಆಗದು, ನಿಮಗೂ ಆಗದು.

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ: ಬಯಲಲ್ಲಿ ಬೆತ್ತಲೆ ನಿಲ್ಲುವುದು, ಅದನ್ನು ಚಿತ್ರ ಮಾಡುವುದು, ಆ ಚಿತ್ರವನ್ನು ಬೇರೆಯವರಿಗೆ ತೋರಿಸುವುದು. ಮೂರಕ್ಕೂ ಕಾನೂನು ಬೇರೆ, ಶಿಕ್ಷೆ ಬೇರೆ, ತಪ್ಪಿಸಿಕೊಳ್ಳುವ ದಾರಿಯೂ ಬೇರೆ. ಮೂರನ್ನೂ ಒಂದೇ ಮೂಟೆ ಕಟ್ಟಿ 'ಲೀಗಲ್ಲಾ ಇಲ್ಲೀಗಲ್ಲಾ' ಎಂದು ಕೇಳಿದರೆ ಸಿಗುವ ಉತ್ತರ ಅರ್ಧ ಸರಿ, ಅರ್ಧ ತಪ್ಪು ಆಗಿರುತ್ತದೆ.

ಜಾಗದ ಪ್ರಶ್ನೆ

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಐಪಿಸಿಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಹಳೆಯ 294ನೇ ಕಲಂ ಈಗ 296. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಕೃತ್ಯ ಮಾಡಿದರೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆ ಸಣ್ಣದು, ಜಾಮೀನು ಸಿಗುವಂಥದ್ದು. ಆದರೆ ವಾರಂಟ್ ಇಲ್ಲದೆ ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧ ಅದು.

ಈ ಕಲಂ ಪೂರ್ತಿಯಾಗಬೇಕಾದರೆ ಜಾಗ ಸಾರ್ವಜನಿಕವಾಗಿರಬೇಕು, ಕೃತ್ಯ ಅಶ್ಲೀಲವಾಗಿರಬೇಕು, ಅದರಿಂದ ಯಾರಿಗಾದರೂ ಕಿರಿಕಿರಿಯಾಗಿರಬೇಕು. ನೀವು ನೆಚ್ಚಿಕೊಂಡಿರುವುದು ಮೂರನೆಯದನ್ನು. ಯಾರೂ ಇರಲಿಲ್ಲ, ಆದ್ದರಿಂದ ಯಾರಿಗೂ ಕಿರಿಕಿರಿಯಾಗಲಿಲ್ಲ ಎಂಬುದು ವಿಚಾರಣೆಯಲ್ಲಿ ಒಳ್ಳೆಯ ವಾದವೇ. ಆದರೆ ಅದು ವಿಚಾರಣೆಯ ದಿನ ಉಪಯೋಗಕ್ಕೆ ಬರುವ ವಾದ. ಎಫ್‌ಐಆರ್ ದಾಖಲಾಗುವ ದಿನ ಅದನ್ನು ಕೇಳುವವರಿರುವುದಿಲ್ಲ. ಮೇಲಾಗಿ, ನೋಡಿದವರು ಆ ಜಾಗದಲ್ಲೇ ಇದ್ದಿರಬೇಕೆಂದೂ ಇಲ್ಲ. 2020ರ ನವೆಂಬರಿನಲ್ಲಿ ನಟ ಮಿಲಿಂದ್ ಸೋಮನ್ ಗೋವಾದ ಕಡಲತೀರದಲ್ಲಿ ಬೆತ್ತಲೆ ಓಡಿದ ಚಿತ್ರವನ್ನು ತಮ್ಮ 55ನೇ ಹುಟ್ಟುಹಬ್ಬಕ್ಕೆ ಜಾಲತಾಣದಲ್ಲಿ ಹಾಕಿದರು. ಅದನ್ನು ಕಂಡ ಮೇಲೆ ದೂರು ಬಂತು. ಹಳೆಯ 294ನೇ ಕಲಂ ಜೊತೆಗೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ನೇ ಕಲಮೂ ಸೇರಿತು. ಚಿತ್ರವೇ ಸಾಕ್ಷಿ. ಹಿಂದೆ ಕಾಣುವ ಬಂಡೆ, ಮಂಟಪ, ದಾರಿದೀಪದ ಕಂಬ ಯಾವ ಜಾಗ ಎಂಬುದನ್ನು ತಾವೇ ಹೇಳಿಬಿಡುತ್ತವೆ.

'ನಾನು ಬರೀ ಕ್ಯಾಮೆರಾ ಹಿಡಿದವನು' ಎಂಬ ಮಾತೂ ನಡೆಯುವುದಿಲ್ಲ. ಒಂದೇ ಉದ್ದೇಶದಿಂದ ಕೂಡಿ ಮಾಡಿದ ಕೆಲಸಕ್ಕೆ ಎಲ್ಲರೂ ಸಮಾನ ಹೊಣೆ ಎನ್ನುವ ಬಿಎನ್‌ಎಸ್ 3(5) ಇದೆ, ಕುಮ್ಮಕ್ಕಿನ ಕಲಮುಗಳಿವೆ. ರಿಫ್ಲೆಕ್ಟರ್ ಹಿಡಿದು ನಿಂತ ಗೆಳೆಯನ ಹೆಸರೂ ಎಫ್‌ಐಆರ್‌ನಲ್ಲಿ ಬರಬಹುದು.

ಇನ್ನು ನೀವು ಹೇಳಿದ ಜಾಗಗಳು. ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯದು, 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಅಲ್ಲಿ ಬಟ್ಟೆ ತೊಟ್ಟವರ ವೃತ್ತಿಪರ ಶೂಟಿಗೇ ಇಲಾಖೆಯ ಅನುಮತಿ ಬೇಕು. ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಸೆಕ್ಯುರಿಟಿಯವರ ಸೀಟಿ ಕೇಳುತ್ತದೆ. ಐದು ಗಂಟೆಗೇ ವಾಕಿಂಗ್ ಶುರುವಾಗುವ ಊರಿದು, ಬೆಳಕು ಮೂಡುವ ಹೊತ್ತಿಗೆ ಪಾರ್ಕ್ ತುಂಬಿರುತ್ತದೆ. ಪಕ್ಕದಲ್ಲಿ ಹೈಕೋರ್ಟು, ಕೂಗಳತೆಯಲ್ಲಿ ಪೊಲೀಸ್ ಠಾಣೆ. ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ.

ರಾಮನಗರದ ಕಥೆ ಬೇರೆ. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅಭಯಾರಣ್ಯದೊಳಕ್ಕೆ ಹೋಗಲೂ ಛಾಯಾಗ್ರಹಣಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27, 28ನೇ ಕಲಮುಗಳು ಅನ್ವಯಿಸುತ್ತವೆ. ಬಾಗಿಲು ತೆರೆಯುವ ಮೊದಲು ಬೆಳಗಿನ ಜಾವ ನುಸುಳಿದರೆ ಅದೇ ಒಂದು ಅಪರಾಧ, ಬಟ್ಟೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ತುರಹಳ್ಳಿ, ಸಾವನದುರ್ಗ ಅರಣ್ಯ ಇಲಾಖೆಯ ಕಾಡು. 1963ರ ಕರ್ನಾಟಕ ಅರಣ್ಯ ಕಾಯ್ದೆ ಅಲ್ಲಿಗೆ ನಡೆಯುತ್ತದೆ. ಅರಣ್ಯವಲ್ಲದ ಬೆಟ್ಟವೇ ಸಿಕ್ಕಿತು ಎಂದುಕೊಳ್ಳಿ. ಗುಡಿಯಿಲ್ಲದ ಬೆಟ್ಟ ಬೆಂಗಳೂರಿನ ಸುತ್ತ ಎಷ್ಟಿವೆ? ತುದಿಯಲ್ಲಿ ಬಸವಣ್ಣ, ಬುಡದಲ್ಲಿ ವೀರಭದ್ರ ಅಥವಾ ನರಸಿಂಹ. ಗುಡಿಯ ಗೋಪುರವೋ ಪಾದುಕೆಯೋ ಚೌಕಟ್ಟಿನೊಳಗೆ ಬಂದರೆ ಧಾರ್ಮಿಕ ಭಾವನೆ ಕೆರಳಿಸಿದ ಆರೋಪ, ಬಿಎನ್‌ಎಸ್ 299, ಅಂಟಿಕೊಳ್ಳುತ್ತದೆ. ಅದು 3 ವರ್ಷದವರೆಗಿನ ಶಿಕ್ಷೆಯ, ಜಾಮೀನು ಹಕ್ಕಾಗಿ ಸಿಗದ ಅಪರಾಧ. ಬೇಕೆಂತಲೇ, ಕೆಟ್ಟ ಉದ್ದೇಶದಿಂದ ಮಾಡಿದ್ದೆಂದು ಸಾಬೀತಾಗಬೇಕು ನಿಜ. ಸಾಬೀತು ನಂತರದ ಮಾತು.

ಅನುಮತಿ ತೆಗೆದುಕೊಂಡರೆ? ತೋಟಗಾರಿಕೆ ಇಲಾಖೆಯಾಗಲಿ, ಪಾಲಿಕೆಯಾಗಲಿ, ಪೊಲೀಸರಾಗಲಿ ಕೊಡುವುದು ಶೂಟಿಂಗ್ ಅನುಮತಿ. ಬೆತ್ತಲೆ ನಿಲ್ಲಲು ಅನುಮತಿ ಕೊಡುವ ಅಧಿಕಾರ ಯಾವ ಕಚೇರಿಗೂ ಇಲ್ಲ. 2020ರಲ್ಲೇ ಗೋವಾದ ಕಾಣಕೋಣದ ಅಣೆಕಟ್ಟಿನ ಬಳಿ ನಟಿಯೊಬ್ಬರ ಚಿತ್ರೀಕರಣ ಗಲಾಟೆಯಾದಾಗ ಅವರ ಬಂಧನದ ಜೊತೆಗೆ ಅಲ್ಲಿನ ಪೊಲೀಸ್ ಇನ್‌ಸ್ಪೆಕ್ಟರೂ ಅಮಾನತಾದರು. ಇದನ್ನೆಲ್ಲ ಕಂಡಿರುವ ಅಧಿಕಾರಿ ನಿಮ್ಮ ಅರ್ಜಿಗೆ ಸಹಿ ಹಾಕುತ್ತಾರೆಂದು ಕಾಯಬೇಡಿ. ವಿಷಯ ಮುಚ್ಚಿಟ್ಟು ಅನುಮತಿ ಪಡೆದರೆ ಅದು ಇನ್ನೂ ಕೆಟ್ಟದ್ದು.

'ದಿಗಂಬರ ಮುನಿಗಳು ಬೀದಿಯಲ್ಲಿ ನಡೆಯುವುದಿಲ್ಲವೇ, ಶ್ರವಣಬೆಳಗೊಳದಲ್ಲಿ ಬಾಹುಬಲಿ ನಿಂತಿಲ್ಲವೇ' ಎಂದು ಕೇಳುವವರಿದ್ದಾರೆ. ಧಾರ್ಮಿಕ ಆಚರಣೆ, ಗುಡಿ, ಪ್ರಾಚೀನ ಸ್ಮಾರಕಗಳ ಶಿಲ್ಪ ಇವಕ್ಕೆ ಕಾನೂನಿನಲ್ಲೇ ಬೇರೆ ಸ್ಥಾನವಿದೆ. ನಿಮ್ಮ ಚಿತ್ರಸರಣಿಗೆ ಅದನ್ನು ಎರವಲು ಪಡೆಯಲಾಗದು. ಧರ್ಮದ ಹೆಸರಿದ್ದರೂ ಎಲ್ಲವೂ ನಡೆಯುವುದಿಲ್ಲ ಎಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯೇ ಇದೆ. 1986ರ ಘರ್ಷಣೆಯ ಬಳಿಕ ಅಲ್ಲಿನ ಬೆತ್ತಲೆ ಸೇವೆಯನ್ನು ಸರ್ಕಾರ ನಿಷೇಧಿಸಿತು.

ಒಂದು ಮಾತನ್ನು ನಿಮ್ಮ ಮಾಡೆಲ್‌ಗೆ ಓದಿ ಹೇಳಿ, ಏಕೆಂದರೆ ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ. ನೀವು ಚಿತ್ರ ತೆಗೆಯುವಾಗ ಪೊದೆಯಾಚೆಯಿಂದ ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಅವರಿಗೆ ರಕ್ಷಣೆ ಏನು? ಕದ್ದು ನೋಡುವುದಕ್ಕೆ ಬಿಎನ್‌ಎಸ್ 77, ಖಾಸಗಿ ಅಂಗದ ಚಿತ್ರ ಕದ್ದು ತೆಗೆಯುವುದಕ್ಕೆ ಐಟಿ ಕಾಯ್ದೆಯ 66ಇ ಇವೆ. ಎರಡೂ ಒಂದು ನಿರೀಕ್ಷೆಯ ಮೇಲೆ ನಿಂತಿವೆ: ಇಲ್ಲಿ ನನ್ನನ್ನು ಯಾರೂ ನೋಡಲಾರರು ಎಂದು ಆ ವ್ಯಕ್ತಿ ಸಹಜವಾಗಿ ನಂಬಬಹುದಾದ ಸನ್ನಿವೇಶ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ನಂಬಿಕೆಗೆ ಬಲವಿದೆ. ನದಿಯಲ್ಲಿ ಮೀಯುವ ಹೆಂಗಸರ ಚಿತ್ರ ಕದ್ದು ತೆಗೆದವನ ಮೇಲೂ ಕೇಸು ನಿಲ್ಲಬಹುದು. ತಾವಾಗಿಯೇ ಬಯಲಲ್ಲಿ ಬಟ್ಟೆ ಕಳಚಿದವರ ವಾದ ಅಷ್ಟು ಗಟ್ಟಿಯಾಗಿರುವುದಿಲ್ಲ. ಅಂದರೆ ಜಾಗ ಬಯಲಾದ ಕೂಡಲೇ ನಿಮ್ಮಿಬ್ಬರ ಮೇಲಿನ ಅಪಾಯ ಹೆಚ್ಚುವುದಲ್ಲದೆ, ಅವರಿಗಿದ್ದ ರಕ್ಷಣೆಯೂ ಸಡಿಲವಾಗುತ್ತದೆ. ಆ ವಿಡಿಯೊ ಇಟ್ಟುಕೊಂಡು ದುಡ್ಡು ಕೇಳಿದರೆ ಅದು ಸುಲಿಗೆ, ಅದನ್ನು ಹಂಚಿದರೆ 67. ಆದರೆ ಆ ದೂರು ಕೊಡಲು ಠಾಣೆಗೆ ಹೋದವರು ಮೊದಲು ತಾವು ಅಲ್ಲೇನು ಮಾಡುತ್ತಿದ್ದೆವೆಂದು ಹೇಳಬೇಕಾಗುತ್ತದೆ.

ಚಿತ್ರ ಅಶ್ಲೀಲವೇ?

ನಗ್ನತೆ ಎಂದರೆ ಅಶ್ಲೀಲತೆಯಲ್ಲ ಎಂಬುದು ಈಗ ನ್ಯಾಯಾಲಯಗಳಲ್ಲಿ ನೆಲೆಯೂರಿದ ಮಾತು. 1964ರ ಹೊತ್ತಿಗೆ ನಮ್ಮ ಸುಪ್ರೀಂ ಕೋರ್ಟ್ ಇಂಗ್ಲೆಂಡಿನ ಹಳೆಯ ಹಿಕ್ಲಿನ್ ಮಾನದಂಡವನ್ನು ಒಪ್ಪಿತ್ತು. ದುರ್ಬಲ ಮನಸ್ಸಿನವರನ್ನು ಕೆಡಿಸುವ ಒಂದು ಸಾಲಿದ್ದರೂ ಕೃತಿ ಅಶ್ಲೀಲ ಎನ್ನುವಂಥ ಮಾನದಂಡ ಅದು. 2014ರ ಫೆಬ್ರವರಿ 3ರಂದು ಅವೀಕ್ ಸರ್ಕಾರ್ ಪ್ರಕರಣದಲ್ಲಿ ಅದನ್ನು ಬದಿಗಿಟ್ಟು, ಇಂದಿನ ಸಮಾಜದ ಸಾಮಾನ್ಯ ವ್ಯಕ್ತಿಯ ಕಣ್ಣಿನಿಂದ, ಚಿತ್ರವನ್ನು ಅದರ ಸಂದರ್ಭದೊಂದಿಗೆ ಇಡಿಯಾಗಿ ನೋಡಬೇಕೆಂದು ಕೋರ್ಟ್ ಹೇಳಿತು. ಆ ಪ್ರಕರಣದಲ್ಲಿದ್ದದ್ದು ಟೆನಿಸ್ ಆಟಗಾರ ಬೋರಿಸ್ ಬೆಕರ್ ತಮ್ಮ ಭಾವಿಪತ್ನಿಯೊಂದಿಗೆ ನಗ್ನವಾಗಿ ನಿಂತ ಚಿತ್ರ. ವರ್ಣಭೇದದ ವಿರುದ್ಧದ ಸಂದೇಶವಾಗಿ ಜರ್ಮನ್ ಪತ್ರಿಕೆಯಲ್ಲಿ ಬಂದದ್ದನ್ನು ಕೋಲ್ಕತ್ತಾದ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು. 2023ರಲ್ಲಿ ಕೇರಳ ಹೈಕೋರ್ಟ್, ತಾಯಿಯ ತೆರೆದ ಮೈ ಮೇಲೆ ಮಕ್ಕಳು ಬಣ್ಣ ಬಳಿದ ವಿಡಿಯೊ ಪ್ರಕರಣದಲ್ಲಿ ಆರೋಪಿಯನ್ನು ಕೈಬಿಟ್ಟು ಇದೇ ಜಾಡಿನಲ್ಲಿ ನಡೆಯಿತು.

ತೀರ್ಪುಗಳು ನಿಮ್ಮ ಕಡೆಗಿವೆ. ಇಸವಿಗಳನ್ನು ಮಾತ್ರ ಇನ್ನೊಮ್ಮೆ ನೋಡಿ: 1993ರ ಚಿತ್ರಕ್ಕೆ 2014ರಲ್ಲಿ ತೀರ್ಪು. ಹೆಬ್ಬಾವು ಸುತ್ತಿಕೊಂಡ ಇಬ್ಬರು ರೂಪದರ್ಶಿಗಳ 1995ರ ಶೂ ಜಾಹೀರಾತಿನ ಮೊಕದ್ದಮೆ ಖುಲಾಸೆಯಾದದ್ದು 2009ರಲ್ಲಿ. ಗೆದ್ದವರೂ 14 ವರ್ಷ, 20 ವರ್ಷ ವಕೀಲರ ಫೀಸು ಕಟ್ಟಿದ್ದಾರೆ.

ಕೆಲಸಕ್ಕೆ ಬರುವ ಅಂಶ ಇದು. ನಗ್ನ ಚಿತ್ರ ನಿಮ್ಮ ಬಳಿ ಇರುವುದು ಅಪರಾಧವಲ್ಲ. ಬಿಎನ್‌ಎಸ್ 294 (ಹಳೆಯ 292) ಶಿಕ್ಷಿಸುವುದು ಅಶ್ಲೀಲ ವಸ್ತುವಿನ ಮಾರಾಟ, ಹಂಚಿಕೆ, ಪ್ರದರ್ಶನವನ್ನು ಮತ್ತು ಅದಕ್ಕಾಗಿ ಇಟ್ಟುಕೊಳ್ಳುವುದನ್ನು. ಮೊದಲ ಸಲಕ್ಕೆ 2 ವರ್ಷದವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಗಾಗಿ ಸಾರ್ವಜನಿಕ ಹಿತದ ಪ್ರಕಟಣೆಯಾದರೆ ವಿನಾಯಿತಿ ಇದೆ. ಆದರೆ ಅದು ಕಲೆ ಎಂದು ತೋರಿಸುವ ಹೊಣೆ ನಿಮ್ಮದು, ಪೊಲೀಸರದ್ದಲ್ಲ. ಅದಕ್ಕೇ ಸರಣಿಯ ಉದ್ದೇಶ ವಿವರಿಸುವ ಒಂದು ಪುಟದ ಟಿಪ್ಪಣಿ, ಪೆನ್ಸಿಲ್ ಸ್ಕೆಚ್ಚು, ಶಾಟ್ ಪಟ್ಟಿ ಇವನ್ನು ಶೂಟಿಗೆ ಮೊದಲೇ ದಿನಾಂಕ ಹಾಕಿ ಇಟ್ಟುಕೊಳ್ಳಿ. ಕೇಸಾದ ಮೇಲೆ ಬರೆದ ಟಿಪ್ಪಣಿಗೆ ಬೆಲೆಯಿಲ್ಲ.

ಹಾಗಾದರೆ ಎಲ್ಲಿ, ಹೇಗೆ?

ನಿಮಗೆ ಬೇಕಿರುವುದು ಬಂಡೆಯ ಜೊತೆ ಮೈ. ಎರಡನ್ನೂ ಒಂದೇ ಕ್ಷಣದಲ್ಲಿ ತೆಗೆಯಬೇಕೆಂಬ ಹಟ ಬಿಟ್ಟರೆ ಅರ್ಧ ತೊಂದರೆ ಕರಗುತ್ತದೆ. ಬಂಡೆಯನ್ನು ಬೇರೆ, ಮೈಯನ್ನು ಸ್ಟುಡಿಯೋದಲ್ಲಿ ಬೇರೆ ತೆಗೆದು ಜೋಡಿಸಿ. ಕಪ್ಪು-ಬಿಳುಪು ಆದ್ದರಿಂದ ನಿಮಗಿದು ಇನ್ನೂ ಸುಲಭ; ಬಣ್ಣದ ಚಿತ್ರದಲ್ಲಿ ಜೋಡಣೆಯನ್ನು ಬಯಲು ಮಾಡುವ ಮುಖ್ಯ ಕಾರಣವೇ ಚರ್ಮದ ಮೇಲೆ ಬೀಳುವ ಆಕಾಶದ ನೀಲಿ, ಹುಲ್ಲಿನ ಹಸಿರು.

ಎಲ್ಲರೂ ಹೋಗಬಹುದಾದ ಬಂಡೆಯ ಬಳಿ, ಹೋಗಬಹುದಾದ ಹೊತ್ತಿನಲ್ಲಿ ಹಿನ್ನೆಲೆ ತೆಗೆಯಿರಿ. ಟ್ರೈಪಾಡ್ ಮೇಲೆ ಕ್ಯಾಮೆರಾ, ಅಪರ್ಚರ್ ಎಫ್/8. ಲೆನ್ಸಿನ ಫೋಕಲ್ ಲೆಂಗ್ತ್, ನೆಲದಿಂದ ಕ್ಯಾಮೆರಾದ ಎತ್ತರ, ವ್ಯಕ್ತಿ ಕೂರಬೇಕಾದ ಜಾಗಕ್ಕಿರುವ ದೂರ, ಕ್ಯಾಮೆರಾ ಎಷ್ಟು ಬಾಗಿದೆ, ಈ ನಾಲ್ಕನ್ನೂ ಬರೆದಿಡಿ. ಬಟ್ಟೆ ತೊಟ್ಟ ಗೆಳೆಯರೊಬ್ಬರನ್ನು ಅದೇ ಭಂಗಿಯಲ್ಲಿ ಕೂರಿಸಿ ಒಂದು ಚಿತ್ರ, ಎಬ್ಬಿಸಿ ಖಾಲಿ ಬಂಡೆಯದು ಇನ್ನೊಂದು. ಕೂತವರ ಚಿತ್ರ ನಿಮಗೆ ಅಳತೆಯನ್ನೂ ನೆರಳಿನ ದಿಕ್ಕನ್ನೂ ಕೊಡುತ್ತದೆ.

ಸ್ಟುಡಿಯೋದಲ್ಲಿ ಅದೇ ಲೆನ್ಸ್, ಅದೇ ಎತ್ತರ, ಅದೇ ದೂರ. 50 ಎಂಎಂ ಲೆನ್ಸಿನಲ್ಲಿ 5 ಮೀಟರ್ ದೂರದಿಂದ ತೆಗೆದಿದ್ದರೆ ಕೋಣೆ ಕನಿಷ್ಠ 7 ಮೀಟರ್ ಉದ್ದ ಬೇಕು. ಹಿಂದೆ ಸರಿಯಲು ಜಾಗವಿಲ್ಲದೆ 35 ಎಂಎಂ ಹಾಕಿ ಹತ್ತಿರ ಹೋದರೆ ಮೈಯ ಪ್ರಮಾಣ ಬದಲಾಗಿ ಬಂಡೆಯ ಮೇಲೆ ಕೂತಂತೆ ಕಾಣದು, ಅಂಟಿಸಿದಂತೆ ಕಾಣುತ್ತದೆ. ಬೆಳಕು ಒಂದೇ ದೀಪದ್ದಿರಲಿ. ಸೂರ್ಯ ಹುಟ್ಟಿ ಅರ್ಧ ಗಂಟೆಯಾದಾಗ ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 7 ಡಿಗ್ರಿ ಮೇಲಿರುತ್ತದೆ. ದೀಪ 4 ಮೀಟರ್ ದೂರದಲ್ಲಿದ್ದರೆ ಕೂತವರ ಎದೆಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿಟ್ಟರೆ ಆ ಕೋನ ಬರುತ್ತದೆ. ಹೆಚ್ಚಿನವರು ರೂಢಿಯಂತೆ ದೀಪವನ್ನು ತಲೆಯ ಮೇಲಕ್ಕೆ ಏರಿಸಿ, ಆಮೇಲೆ ನೆರಳು ಏಕೆ ಹೊಂದಲಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಇಷ್ಟು ಲೆಕ್ಕ ಬೇಡವೆನಿಸಿದರೆ ಹಿನ್ನೆಲೆಯನ್ನು ಮೋಡ ಮುಚ್ಚಿದ ದಿನ ತೆಗೆಯಿರಿ; ದೊಡ್ಡ ಸಾಫ್ಟ್‌ಬಾಕ್ಸ್ ಒಂದು ಸಾಕಾಗುತ್ತದೆ.

ಕೂರಲು ಸ್ಟೂಲ್ ಬೇಡ, ಕಲ್ಲೇ ಬೇಕು. ಜಿಗಣಿ ಕಡೆಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಒರಟು ಮುಖದ ಕಲ್ಲಿನ ತುಂಡು ಸಿಗುತ್ತದೆ. ಕಲ್ಲಿನ ಮೇಲೆ ಕೂತಾಗ ಚರ್ಮ ಒತ್ತಿ ಚಪ್ಪಟೆಯಾಗುವುದು, ಅಂಚಿನಲ್ಲಿ ಬೀಳುವ ತೆಳು ನೆರಳು, ಇವನ್ನು ಕಂಪ್ಯೂಟರಿನಲ್ಲಿ ಬರೆದು ಗೆಲ್ಲುವುದು ಕಷ್ಟ. ಫಿಲ್ಮಿನಂಥ ಕಾಳುಕಾಳು ನೋಟ ಕೊಡುವ ಗ್ರೇನನ್ನು ಜೋಡಣೆ ಮುಗಿದ ಮೇಲೆ ಇಡೀ ಚಿತ್ರಕ್ಕೆ ಒಟ್ಟಿಗೆ ಹಾಕಿ. ಮಾಡೆಲ್‌ಗೆ ಶೂಟಿಗೆ ಒಂದು ಗಂಟೆ ಮೊದಲಿನಿಂದ ಸಡಿಲ ಬಟ್ಟೆ ತೊಡಲು ಹೇಳಿ, ಎಲಾಸ್ಟಿಕ್ ಗುರುತು ಅಷ್ಟು ಬೇಗ ಹೋಗುವುದಿಲ್ಲ. ಕೋಣೆ 26-27 ಡಿಗ್ರಿ ಇರಲಿ, ಚಳಿಗೆ ಮೈ ಜುಮ್ಮೆಂದರೆ ಹತ್ತಿರದ ಚಿತ್ರಗಳೆಲ್ಲ ಹಾಳು. ಅವರೇ ಆರಿಸಿದ ಮೂರನೆಯ ವ್ಯಕ್ತಿಯೊಬ್ಬರು ಶೂಟ್ ಮುಗಿಯುವವರೆಗೂ ಜೊತೆಗಿರಲಿ.

ಬಯಲೇ ಬೇಕೆಂದರೆ ಖಾಸಗಿ ತೋಟವೊಂದೇ ದಾರಿ. ಮಾಲೀಕರಿಗೆ ಏನು ತೆಗೆಯುತ್ತೀರೆಂದು ತಿಳಿಸಿಯೇ ಲಿಖಿತ ಒಪ್ಪಿಗೆ ಪಡೆಯಿರಿ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ, ಶೂಟಿನ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ಬೇಲಿಯ ಹೊರಗೆ ಒಂದು ಸುತ್ತು ಬನ್ನಿ: ರಸ್ತೆಯಿಂದ, ಪಕ್ಕದ ಮನೆಯ ಟೆರೇಸಿನಿಂದ, ನೀರಿನ ಟ್ಯಾಂಕಿನಿಂದ, ಎದುರಿನ ದಿಬ್ಬದಿಂದ ಕಾಣುತ್ತದೆಯೇ? ಹೊರಗಿನವರ ಕಣ್ಣಿಗೆ ಬೀಳುವ ಖಾಸಗಿ ಜಾಗವನ್ನು ನೆಚ್ಚಬೇಡಿ. ತೆಂಗಿನಕಾಯಿ ಕೀಳುವವರು, ಹಾಲು ಕರೆಯುವವರು ಬರುವ ಹೊತ್ತು ಕೇಳಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಸಿಸಿಟಿವಿ. ಈಗ ತೋಟದ ಮನೆಗಳಲ್ಲೂ ಸ್ಟುಡಿಯೋಗಳಲ್ಲೂ ಕ್ಯಾಮೆರಾ ಇವೆ, ರೆಕಾರ್ಡಿಂಗ್ ಮಾಲೀಕರ ಮೊಬೈಲಿಗೆ ಹೋಗುತ್ತದೆ. ಆಫ್ ಮಾಡಿದ್ದೇವೆ ಎಂಬ ಮಾತನ್ನು ನಂಬಿ ಕೂರಬೇಡಿ; ಆ ಕ್ಯಾಮೆರಾದ ಕಣ್ಣಿಗೆ ಟೇಪ್ ಅಂಟಿಸಿ.

ಒಪ್ಪಿಗೆ ಪತ್ರದಲ್ಲಿ ಏನಿರಬೇಕು

ಮೊದಲು ವಯಸ್ಸು. 18 ತುಂಬಿದ್ದಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಪಾಸ್‌ಪೋರ್ಟ್ ನೋಡಿ. ಜನ್ಮದಿನಾಂಕಕ್ಕೆ ಆಧಾರ್ ಒಂದನ್ನೇ ನೆಚ್ಚಬೇಡಿ, ಅದು ಗುರುತಿನ ಚೀಟಿಯೇ ಹೊರತು ವಯಸ್ಸಿನ ಪುರಾವೆಯಲ್ಲ. 18ಕ್ಕೆ ಒಂದು ದಿನ ಕಡಿಮೆಯಿದ್ದರೂ ಇಡೀ ಲೆಕ್ಕ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಗೆ ಹೋಗುತ್ತದೆ. ಅಲ್ಲಿ ಮಾಡೆಲ್‌ನದಾಗಲಿ ತಂದೆತಾಯಿಯದಾಗಲಿ ಒಪ್ಪಿಗೆಗೆ ಅರ್ಥವೇ ಇಲ್ಲ, ಇಟ್ಟುಕೊಳ್ಳುವುದೂ ಅಪರಾಧವಾಗಬಹುದು.

ಪತ್ರ ಅವರು ಓದಿ ಅರ್ಥ ಮಾಡಿಕೊಳ್ಳುವ ಭಾಷೆಯಲ್ಲಿರಲಿ. ಚಿತ್ರ ತೆಗೆಯಲು ಕೊಟ್ಟ ಒಪ್ಪಿಗೆ ಬೇರೆ, ತೋರಿಸಲು ಕೊಟ್ಟ ಒಪ್ಪಿಗೆ ಬೇರೆ. ಇದು ಬರೀ ಶಿಷ್ಟಾಚಾರವಲ್ಲ: ಬಿಎನ್‌ಎಸ್ 77ರ ವಿವರಣೆಯೇ ಹೀಗೆ ಹೇಳುತ್ತದೆ. ತೆಗೆಯಲು ಒಪ್ಪಿದ ಮಹಿಳೆ ಮೂರನೆಯವರಿಗೆ ತೋರಿಸಲು ಒಪ್ಪದಿದ್ದರೆ, ತೋರಿಸುವುದು ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷ. ಆದ್ದರಿಂದ ಪ್ರಿಂಟ್, ಪ್ರದರ್ಶನ, ಪುಸ್ತಕ, ಜಾಲತಾಣ, ಸ್ಪರ್ಧೆ ಪ್ರತಿಯೊಂದಕ್ಕೂ ಹೌದು-ಇಲ್ಲ ಬೇರೆ ಬೇರೆ ಕೇಳಿ. ಮುಖ ಕಾಣಬಹುದೇ, ಹೆಸರು ಹಾಕಬಹುದೇ, ಚಿತ್ರವನ್ನು ಬೇರೆ ಹಿನ್ನೆಲೆಗೆ ಜೋಡಿಸಬಹುದೇ ಎಂಬುದೂ ಬರಲಿ. ಶೂಟ್ ಮುಗಿದ ಮೇಲೆ ಅಂತಿಮವಾಗಿ ಆಯ್ದ ಚಿತ್ರಗಳ ಸಣ್ಣ ಪ್ರಿಂಟಿಗೆ ಕ್ರಮಸಂಖ್ಯೆ ಹಾಕಿ, ಒಂದೊಂದರ ಕೆಳಗೂ ಅವರ ಸಹಿ ಪಡೆಯಿರಿ. ಶೂಟಿಗೆ ಮೊದಲು ಹಾಕಿಸಿಕೊಂಡ ಒಂದೇ ಸಹಿಗಿಂತ ಇದು ಎಷ್ಟೋ ಗಟ್ಟಿ. ಇ-ಸ್ಟ್ಯಾಂಪ್ ಕಾಗದದ ಮೇಲೆ ಮಾಡಿ, ನಿಮ್ಮ ಕಡೆಯವರಲ್ಲದ ಇಬ್ಬರು ಸಾಕ್ಷಿಗಳಿರಲಿ. ಎಷ್ಟೇ ಗಟ್ಟಿಯಾದ ಪತ್ರವಾದರೂ ಪಾರ್ಕಿನಲ್ಲಿ ಬೆತ್ತಲೆ ನಿಲ್ಲುವ ಕರಾರನ್ನು ಊರ್ಜಿತ ಮಾಡುವುದಿಲ್ಲ. ಕಾನೂನುಬಾಹಿರ ಉದ್ದೇಶದ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಶೂನ್ಯ.

ಇನ್‌ಸ್ಟಾಗ್ರಾಮ್ ಮತ್ತು ಗ್ಯಾಲರಿ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಅಶ್ಲೀಲವೆನ್ನಿಸುವ ಚಿತ್ರವನ್ನು ವಿದ್ಯುನ್ಮಾನ ರೂಪದಲ್ಲಿ ಪ್ರಕಟಿಸಿದರೆ ಇಲ್ಲವೇ ಕಳಿಸಿದರೆ ಐಟಿ ಕಾಯ್ದೆಯ 67: ಮೊದಲ ಸಲಕ್ಕೆ 3 ವರ್ಷ, 5 ಲಕ್ಷ ರೂಪಾಯಿವರೆಗೆ ದಂಡ. ಪಾರ್ಕಿನಲ್ಲಿ ನಿಂತದ್ದಕ್ಕೆ ಸಾವಿರ ರೂಪಾಯಿ, ಪೋಸ್ಟ್ ಹಾಕಿದ್ದಕ್ಕೆ 5 ಲಕ್ಷ! 'ಕಳಿಸಿದರೆ' ಎಂದಿರುವುದರಿಂದ ಖಾಸಗಿ ಖಾತೆ, ವಾಟ್ಸ್ಆ್ಯಪ್ ಗುಂಪು ಯಾವುದೂ ಹೊರತಲ್ಲ. 67ಎ ಇರುವುದು ಲೈಂಗಿಕ ಕ್ರಿಯೆಯ ಚಿತ್ರಣಕ್ಕೆ; ಅದಕ್ಕೆ 5 ವರ್ಷ, 10 ಲಕ್ಷ, ಜಾಮೀನು ಕಷ್ಟ. ಸುಮ್ಮನೆ ಕೂತ ನಗ್ನ ಚಿತ್ರಕ್ಕೆ ಅದು ಹೊಂದುವುದಿಲ್ಲ. ಆದರೂ ಎಫ್‌ಐಆರ್‌ನಲ್ಲಿ ಸೇರಿಸುವ ರೂಢಿ ಇದೆ. 2022ರಲ್ಲಿ ನಟ ರಣವೀರ್ ಸಿಂಗ್ ಒಳಾಂಗಣದಲ್ಲಿ ಮಾಡಿಸಿಕೊಂಡ ಪತ್ರಿಕೆಯ ಫೋಟೊಶೂಟಿಗೂ ಮುಂಬೈಯಲ್ಲಿ ಸೇರಿಸಿದ್ದರು. ಅಂಥ ಸಂದರ್ಭದಲ್ಲಿ ವಕೀಲರ ಮೊದಲ ಕೆಲಸ 67ಎ ತೆಗೆಸುವುದು.

ಕಾನೂನು ಬಿಟ್ಟರೂ ಇನ್‌ಸ್ಟಾಗ್ರಾಮಿನ ನಿಯಮವೇ ನಿಜ ಮನುಷ್ಯರ ನಗ್ನ ಚಿತ್ರ ಬೇಡ ಎನ್ನುತ್ತದೆ, ಚಿತ್ರಕಲೆ, ಶಿಲ್ಪಕ್ಕೆ ಅವಕಾಶವಿದೆ. ಆದ್ದರಿಂದ ಅಲ್ಲಿಗೆ ಬೆನ್ನು, ಭುಜ, ನೆರಳುರೂಪದ ಚಿತ್ರಗಳನ್ನಷ್ಟೇ ಹಾಕಿ. ಹಾಕುವ ಮೊದಲು ಚಿತ್ರದೊಳಗೆ ಅಡಗಿರುವ ಜಿಪಿಎಸ್ ಮಾಹಿತಿ ಅಳಿಸಿ. ಮೂಲ ಫೈಲುಗಳನ್ನು ಮೊಬೈಲಿನಲ್ಲಿಡಲೇಬೇಡಿ; ಸೋರಿಕೆಯ ದೊಡ್ಡ ದಾರಿಗಳಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ, ಇನ್ನೊಂದು ತಾನಾಗಿಯೇ ಕ್ಲೌಡಿಗೆ ಏರುವ ವ್ಯವಸ್ಥೆ. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ ಎರಡು ಹಾರ್ಡ್ ಡಿಸ್ಕ್ ಸಾಕು. ಸೋರಿದರೆ ಮಾಡೆಲ್ ತಮ್ಮ ಹೆಸರಿನಲ್ಲೇ ಆ ಜಾಲತಾಣಕ್ಕೆ ದೂರು ಕೊಡಲಿ. ನಗ್ನ ಚಿತ್ರದ ಬಗ್ಗೆ ಸಂಬಂಧಪಟ್ಟ ವ್ಯಕ್ತಿಯೇ ದೂರಿದರೆ ದಿನಗಟ್ಟಲೆ ಕಾಯಿಸದೆ ತೆಗೆಯಬೇಕೆಂದು 2021ರ ಐಟಿ ನಿಯಮಗಳಲ್ಲಿದೆ. ಜೊತೆಗೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ, ನಿಮ್ಮ ವಿಭಾಗದ ಸೈಬರ್ ಅಪರಾಧ ಠಾಣೆಯಲ್ಲಿ ಲಿಖಿತ ದೂರು.

ಗ್ಯಾಲರಿ ಇದಕ್ಕಿಂತ ವಾಸಿ, ಕಲೆಯ ವಿನಾಯಿತಿ ಸಹಜವಾಗಿ ನಿಲ್ಲುವ ಜಾಗ ಅದು. ರಸ್ತೆಗೆ ಕಾಣುವ ಗಾಜಿನ ಬದಿಯಲ್ಲಿ ನಗ್ನ ಚಿತ್ರ ತೂಗುಹಾಕಬೇಡಿ, ಒಳಕೋಣೆಯಲ್ಲಿಡಿ. ಬಾಗಿಲಲ್ಲಿ 18 ದಾಟಿದವರಿಗೆ ಮಾತ್ರ ಎಂಬ ಕನ್ನಡದ ಫಲಕ, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಇರಲಿ. ಮಕ್ಕಳಿಗೆ ಅಶ್ಲೀಲ ವಸ್ತು ತೋರಿಸುವುದಕ್ಕೆ ಬಿಎನ್‌ಎಸ್ 295 ಬೇರೆಯೇ ಇದೆ. ದೇವರ ಹೆಸರನ್ನು ಶೀರ್ಷಿಕೆಗೆ ತರಬೇಡಿ. ಜಾಹೀರಾತಿಗೋ ಕ್ಯಾಲೆಂಡರಿಗೋ ಚಿತ್ರ ಮಾರುವ ಯೋಚನೆ ಬಂದರೆ 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯ್ದೆಯೂ ಎದುರಾಗುತ್ತದೆ. ಆಗ ಕಲೆಯ ವಾದ ತೆಳುವಾಗುತ್ತದೆ.

ಹೊಯ್ಸಳ (ಪೊಲೀಸರ ಗಸ್ತು ವಾಹನ) ಬಂದರೆ

ಖಾಸಗಿ ತೋಟದಲ್ಲಿದ್ದರೂ ಯಾರೋ 112ಕ್ಕೆ ಫೋನ್ ಮಾಡಬಹುದು. ಮೊದಲು ಮಾಡೆಲ್ ಬಟ್ಟೆ ತೊಡಲಿ, ಆಮೇಲೆ ಮಾತು. ಗುರುತಿನ ಚೀಟಿ, ಮಾಲೀಕರ ಪತ್ರ, ಒಪ್ಪಿಗೆ ಪತ್ರ, ವಯಸ್ಸಿನ ದಾಖಲೆ ತೋರಿಸಿ. ಗಾಬರಿಯಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ: ಇಲ್ಲದ ಕೇಸಿಗೆ ಸಾಕ್ಷ್ಯನಾಶದ ಕಲಂ ನೀವೇ ಸೇರಿಸಿಕೊಟ್ಟಂತಾಗುತ್ತದೆ. ಕ್ಯಾಮೆರಾ ವಶಪಡಿಸಿಕೊಂಡರೆ ಮಹಜರು ಬರೆಯಲೇಬೇಕು, ಅದರಲ್ಲಿ ಬಾಡಿ, ಲೆನ್ಸ್, ಕಾರ್ಡಿನ ಸೀರಿಯಲ್ ನಂಬರ್ ಬರಲಿ. ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಹೊಸ ಬಿಎನ್‌ಎಸ್‌ಎಸ್ 105ರಂತೆ ವಶಪಡಿಸಿಕೊಳ್ಳುವುದನ್ನು ವಿಡಿಯೊ ಮಾಡಬೇಕು. ಫೋನಿನ ಪಾಸ್‌ವರ್ಡ್ ವಾರಂಟ್ ಇಲ್ಲದೆ ಒತ್ತಾಯದಿಂದ ಪಡೆಯುವಂತಿಲ್ಲವೆಂದು ಕರ್ನಾಟಕ ಹೈಕೋರ್ಟ್ 2021ರಲ್ಲೇ ಹೇಳಿದೆ. ಅದನ್ನು ಸ್ಥಳದಲ್ಲೇ ಜಗಳವಾಡಿ ಹೇಳಬೇಡಿ, ವಕೀಲರ ಮೂಲಕ ಹೇಳಿಸಿ. ಪೋಕ್ಸೊ ಬಿಟ್ಟರೆ ಇಲ್ಲಿ ಚರ್ಚಿಸಿದ ಕಲಮುಗಳ ಶಿಕ್ಷೆ 7 ವರ್ಷ ಮೀರದಿರುವುದರಿಂದ ಸಾಮಾನ್ಯವಾಗಿ ಬಂಧನಕ್ಕೆ ಬದಲು ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಡಬೇಕು. ನೋಟಿಸಿನ ದಿನ ತಪ್ಪದೆ ಹಾಜರಾಗಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಪವಾದವೆನಿಸಿದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಬರಬೇಕು. ವಶವಾದ ಕ್ಯಾಮೆರಾವನ್ನು ಕೇಸು ಮುಗಿಯುವ ಮೊದಲೇ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು, ಖರೀದಿಯ ಬಿಲ್ ಇಟ್ಟುಕೊಂಡಿರಿ.

ಬಂದವರು ಪೊಲೀಸರಲ್ಲ, ಸಂಸ್ಕೃತಿ ಕಾಯಲು ಹೊರಟ ಗುಂಪು ಎಂದಾದರೆ ವಾದ ಬೇಡ, ದುಡ್ಡೂ ಬೇಡ. ನೀವೇ 112ಕ್ಕೆ ಕರೆ ಮಾಡಿ, ಮಾಡೆಲ್ ಅವರನ್ನು ಕಾರಿನೊಳಗೆ ಕೂರಿಸಿ ಬಾಗಿಲು ಹಾಕಿ. ಕಬ್ಬನ್ ಪಾರ್ಕಿನಲ್ಲಿ ಈ ಕರೆ ಮಾಡುವ ಧೈರ್ಯ ನಿಮಗೆ ಬರುತ್ತಿರಲಿಲ್ಲ. ತೋಟದ ಬೇಲಿಯೊಳಗೆ, ಕೈಯಲ್ಲಿ ಪತ್ರವಿದ್ದಾಗ, ಬರುತ್ತದೆ.